ಮೊಳೆ ಹೊಡೆಯಬಹುದಾ ಮೇಡಂ?

ಫ್ಲ್ಯಾಟ್ ನೋಡಲು ಬರುವವರು ಅಡುಗೆಮನೆ, ಬಾಲ್ಕನಿಗಿಂತ ಮೊದಲು ಗೋಡೆಯ ಹತ್ತಿರ ಹೋಗುತ್ತಾರೆ. ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಸದ್ದು ಕೇಳಿ, ಆಮೇಲೆ ನನ್ನ ಕಡೆ ತಿರುಗುತ್ತಾರೆ. "ಫ್ಯಾಕ್ಟರೀಲಿ ಮಾಡಿ ತಂದಿರೋ ಗೋಡೆಯಂತಲ್ಲ, ಮೊಳೆ ಹೊಡೆಯಬಹುದಾ ಮೇಡಂ?" ಜೊತೆಯಲ್ಲಿ ಹಿರಿಯರಿದ್ದರೆ ಇನ್ನೊಂದು ಪ್ರಶ್ನೆ ಗ್ಯಾರಂಟಿ: "ಇಟ್ಟಿಗೇನೇ ಹಾಕಿಲ್ವಾ? ಎಷ್ಟು ವರ್ಷ ನಿಲ್ಲುತ್ತೆ ಹಾಗಾದ್ರೆ?"

ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಪ್ರೀಕಾಸ್ಟ್ ಕಟ್ಟಡಗಳಲ್ಲಿ ಜೋಡಣೆಯ ಉಸ್ತುವಾರಿ ನನ್ನ ಕೆಲಸ. ಮೊಳೆಯ ಪ್ರಶ್ನೆಗೆ ಉತ್ತರ ಸುಲಭ. ಸುತ್ತಿಗೆಯಲ್ಲಿ ಹೊಡೆದರೆ ಮೊಳೆಯೇ ಸೊಟ್ಟಗಾಗುತ್ತದೆ, ಡ್ರಿಲ್ ಬೇಕು. ಆ ಗೋಡೆ ಇಟ್ಟಿಗೆಗಿಂತ ಗಟ್ಟಿ. ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ ಗೋಡೆಯನ್ನು ಬಿಟ್ಟು, ಒಂದು ಗೋಡೆ ಇನ್ನೊಂದಕ್ಕೆ ಸೇರುವ ಸಂದಿನ ವಿಷಯ ಮಾತಾಡಬೇಕು. ಅಷ್ಟು ಹೊತ್ತು ನಿಂತು ಕೇಳುವ ಪುರುಸೊತ್ತು ಮನೆ ನೋಡಲು ಬಂದವರಿಗೆ ಇರುವುದಿಲ್ಲ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಊರಾಚೆ ಒಂದು ಯಾರ್ಡ್. ಅಲ್ಲಿ ಸಾಲಾಗಿ ಉಕ್ಕಿನ ಮೇಜುಗಳು. ಮೇಜಿನ ಮೇಲೆ ಗೋಡೆಯ ಅಳತೆಗೆ ಅಂಚು ಕಟ್ಟಿ, ಕಂಬಿಯ ಜಾಲರಿ ಇಟ್ಟು, ಕಿಟಕಿಯ ಜಾಗ ಖಾಲಿ ಬಿಟ್ಟು, ಸ್ವಿಚ್ ಬಾಕ್ಸ್, ವೈರಿನ ಪೈಪು ಎಲ್ಲವನ್ನೂ ಮೊದಲೇ ಕೂರಿಸಿ ಕಾಂಕ್ರೀಟ್ ಸುರಿಯುತ್ತಾರೆ. ಗೋಡೆ ಮಲಗಿದ ಹಾಗೇ ಹುಟ್ಟುತ್ತದೆ. ಹಬೆ ಹಾಯಿಸಿ ಬಿಸಿಯಲ್ಲಿಟ್ಟರೆ ಮಾರನೆಯ ದಿನ ಎತ್ತುವಷ್ಟು ಬಲಿತಿರುತ್ತದೆ. ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರ, ಆರು ಇಂಚು ದಪ್ಪದ ಒಂದು ಗೋಡೆ ಅಂದರೆ ಸುಮಾರು ಮೂರೂವರೆ ಟನ್. ಅದನ್ನು ನಿಲ್ಲಿಸಿಕೊಂಡೇ ಟ್ರೇಲರಿನಲ್ಲಿ ತರುತ್ತಾರೆ, ಕ್ರೇನು ಎತ್ತುತ್ತದೆ. ಕೆಳಗಿನ ಅಂತಸ್ತಿನಿಂದ ಮೇಲೆ ಚಾಚಿಕೊಂಡ ಕಂಬಿಗಳು ಈ ಗೋಡೆಯ ತಳದಲ್ಲಿ ಬಿಟ್ಟಿರುವ ಕೊಳವೆಗಳೊಳಗೆ ಸರಿಯಾಗಿ ಇಳಿಯಬೇಕು. ಇಳಿದ ಮೇಲೆ ರಸಮಟ್ಟ ಹಿಡಿದು, ಓರೆ ಊರುಗೋಲು ಕೊಟ್ಟು, ನೇರ ಸರಿಮಾಡಿ, ಕೊಳವೆಯೊಳಗೆ ಗ್ರೌಟ್ ತುಂಬುತ್ತೇವೆ. ಗ್ರೌಟ್ ಅಂದರೆ ಒಣಗಿದಾಗ ಕುಗ್ಗದ, ತೆಳ್ಳನೆಯ, ಬಲವಾದ ಸಿಮೆಂಟ್ ಗಾರೆ. ಕೆಳಗಿನ ತೂತಿನಿಂದ ಪಂಪಿನಲ್ಲಿ ತಳ್ಳಿದ್ದು ಮೇಲಿನ ತೂತಿನಿಂದ ಉಕ್ಕಿ ಬರಬೇಕು. ಬಂತೆಂದರೆ ಒಳಗೆ ತುಂಬಿದೆ ಎಂದು ಲೆಕ್ಕ. ಬರಲಿಲ್ಲವೆಂದರೆ ಒಳಗೇನಾಗಿದೆ ಎಂದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಸಂಬಳ ಇರುವುದೇ ಆ ಮೇಲಿನ ತೂತನ್ನು ನೋಡುತ್ತ ನಿಲ್ಲುವುದಕ್ಕೆ.

ಜನ ಇದನ್ನು ಇನ್ನೆರಡು ಸಂಗತಿಗಳ ಜೊತೆ ಕಲಸಿಕೊಳ್ಳುತ್ತಾರೆ. ನಗರದ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಈಗ ಹೆಚ್ಚಾಗಿ ನಡೆಯುತ್ತಿರುವ ಮೈವಾನ್ ಕೆಲಸ ಇದಲ್ಲ. ಅಲ್ಲಿ ಅಲ್ಯೂಮಿನಿಯಂ ಹಲಗೆ ಕಟ್ಟಿ ಗೋಡೆ, ಚಾವಣಿ ಎಲ್ಲವನ್ನೂ ಇದ್ದ ಜಾಗದಲ್ಲೇ ಎರಕ ಹೊಯ್ಯುತ್ತಾರೆ. ಕಾಮಗಾರಿಯ ಜಾಗಗಳಲ್ಲಿ ಇಂಜಿನಿಯರ್ ಆಫೀಸಿಗೆಂದು ತಂದಿಡುವ, ತಗಡಿನ ನಡುವೆ ನೊರೆ ತುಂಬಿದ ಹಗುರ ಪೆಟ್ಟಿಗೆಮನೆ ಪ್ರೀಫ್ಯಾಬ್, ಅಂದರೆ ಮೊದಲೇ ಮಾಡಿ ತಂದು ಜೋಡಿಸುವ, ಕುಲದ್ದೇ ಆದರೂ ಕಾಂಕ್ರೀಟ್ ಗೋಡೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವುದು ಅದರದ್ದು. ಅದರ ಕೆಟ್ಟ ಹೆಸರು ನಮ್ಮ ತಲೆಗೆ ಬಂದಿದೆ.

ನಮ್ಮಪ್ಪ ತಿಪಟೂರು ಕಡೆ ಗಾರೆ ಕೆಲಸದ ಮೇಸ್ತ್ರಿ. ಒಮ್ಮೆ ಸೈಟಿಗೆ ಕರಕೊಂಡು ಬಂದಿದ್ದೆ. ಕ್ರೇನು, ಟ್ರೇಲರು, ಕನ್ನಡಿಯಂಥ ಗೋಡೆ ಯಾವುದಕ್ಕೂ ಬೆರಗಾಗಲಿಲ್ಲ. "ಗೋಡೆ ಅಂದ್ರೆ ಎಡಗೈಲಿ ಇಟ್ಟಿಗೆ, ಬಲಗೈಲಿ ಕರಣೆ ಕಣವ್ವ. ನೀವು ಮಾಡ್ತಿರೋದು ಬಾಗಿಲು ಕೂರಿಸೋ ಕೆಲ್ಸ" ಅಂದರು. ಸ್ವಲ್ಪ ಹೊತ್ತು ಸುತ್ತಾಡಿ, ಎರಡು ಗೋಡೆ ಸೇರುವ ಮೂಲೆಯ ಮುಂದೆ ನಿಂತು ಕೇಳಿದರು: "ಇದರೊಳಗೆ ಗಾರೆ ಹೋಯ್ತೋ ಇಲ್ವೋ ಅಂತ ಯಾರು ನೋಡಿದ್ರು?" ಓದಿದವರು ಕೇಳುವುದು ಮೊಳೆಯನ್ನು, ಓದದ ಮೇಸ್ತ್ರಿ ಕೇಳಿದ್ದು ಜಗತ್ತಿನ ದೊಡ್ಡ ದೊಡ್ಡ ವಿಚಾರಣಾ ಸಮಿತಿಗಳು ಕೇಳಿದ ಪ್ರಶ್ನೆಯನ್ನು.

1968ರ ಮೇ 16ರ ಬೆಳಗ್ಗೆ ಲಂಡನ್ನಿನ ಪೂರ್ವಭಾಗದಲ್ಲಿ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೇ ಅಂತಸ್ತಿನಲ್ಲಿ ಒಬ್ಬ ಹೆಂಗಸು ಟೀ ಮಾಡಲೆಂದು ಬೆಂಕಿಕಡ್ಡಿ ಗೀರಿದರು. ಗ್ಯಾಸ್ ಸೋರಿತ್ತು. ಸ್ಫೋಟ ಅಂಥ ದೊಡ್ಡದೇನಲ್ಲ, ಆಕೆ ಬದುಕಿಕೊಂಡರು. ಆದರೆ ಮೂಲೆಯ ಗೋಡೆ ಆಚೆ ಹಾರಿತು. ಅದರ ಮೇಲಿನ ಅಂತಸ್ತುಗಳು ಆಸರೆ ತಪ್ಪಿ ಕುಸಿದವು, ಆ ಭಾರಕ್ಕೆ ಕೆಳಗಿನವೂ ಒಂದೊಂದಾಗಿ ಹೋದವು. ಕಟ್ಟಡದ ಒಂದು ಮೂಲೆ ಪೂರಾ ಇಲ್ಲವಾಯಿತು, ನಾಲ್ವರು ಸತ್ತರು. ಕಾರ್ಖಾನೆಯಲ್ಲಿ ಮಾಡಿದ ಫಲಕಗಳನ್ನು ಒಂದರ ಮೇಲೊಂದು ನಿಲ್ಲಿಸಿ ಕಟ್ಟಿದ್ದ ಅದಕ್ಕೆ ಜನ ವಾಸಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. ರಿಪೇರಿಯಾಗಿ ಮತ್ತೆ ಜನ ವಾಸಿಸಿದ ಆ ಕಟ್ಟಡವನ್ನು 1986ರಲ್ಲಿ ಬಿಚ್ಚಿ ಕೆಡವಿದಾಗ, ಗಾರೆ ಇರಬೇಕಾಗಿದ್ದ ಸಂದುಗಳಲ್ಲಿ ಹಳೆಯ ನ್ಯೂಸ್‌ಪೇಪರು ಸಿಕ್ಕಿತು.

ಇನ್ನೊಂದು ಊರು ಅರ್ಮೇನಿಯಾದ ಲೆನಿನಾಕನ್, ಈಗಿನ ಗ್ಯುಮ್ರಿ. 1988ರ ಡಿಸೆಂಬರ್ 7ರ ಭೂಕಂಪದಲ್ಲಿ ಆ ಸೀಮೆಯಲ್ಲಿ ಸುಮಾರು 25,000 ಜನ ಸತ್ತರು. ಕಂಬ, ತೊಲೆಗಳನ್ನು ಬೇರೆ ಬೇರೆ ಮಾಡಿ ತಂದು ಬೆಸೆದ ಒಂಬತ್ತಂತಸ್ತಿನ ಮನೆಗಳು ಸಾಲುಸಾಲಾಗಿ ಕುಸಿದವು. ಅದೇ ಊರಿನಲ್ಲಿ, ಅಗಲ ಗೋಡೆ ಫಲಕಗಳನ್ನು ಜೋಡಿಸಿ ಕಟ್ಟಿದ ಕಟ್ಟಡಗಳು ನಿಂತವು. ಎರಡೂ ಪ್ರೀಕಾಸ್ಟೇ. ನಮ್ಮಲ್ಲಿ 2001ರ ಜನವರಿ 26ರಂದು ಕಛ್ ನಡುಗಿದಾಗ ಪ್ರೀಕಾಸ್ಟ್ ತುಂಡು ಜೋಡಿಸಿ ಕಟ್ಟಿದ್ದ ಹಲವು ಹೊಸ ಶಾಲೆಗಳು ಬಿದ್ದವು. ಚಾವಣಿಯ ತುಂಡುಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಏರ್ಪಾಡು ಇರಲಿಲ್ಲ. ಗಣರಾಜ್ಯೋತ್ಸವದ ರಜೆ, ತರಗತಿ ನಡೆಯುತ್ತಿರಲಿಲ್ಲ. ಈಗ ನಮ್ಮ ಐಎಸ್ 15916 ಸಂಹಿತೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಎರಡೂ ಒಂದು ತುಂಡು ಹೋದರೂ ಉಳಿದವು ಹಿಡಿದುಕೊಳ್ಳುವಂತೆ ಉದ್ದಕ್ಕೂ ಅಡ್ಡಕ್ಕೂ ಕಂಬಿ ಕಟ್ಟಬೇಕೆನ್ನುತ್ತವೆ. ಚಾವಣಿಯ ತುಂಡುಗಳ ಮೇಲೆ ಎರಡು ಮೂರು ಇಂಚಿನ ಹೊಸ ಕಾಂಕ್ರೀಟ್ ಹಾಸುವುದು ನುಣುಪಿಗಲ್ಲ, ಎಲ್ಲವನ್ನೂ ಒಂದೇ ಹಲಗೆಯಂತೆ ಹಿಡಿದಿಡುವುದಕ್ಕೆ.

ಹಾಗಾದರೆ ನಮ್ಮಂಥ ದೇಶಕ್ಕೆ ಇದು ಹೊಸದೇ? ಅಲ್ಲ. ಈ ಕಥೆಯ ಮೊದಲ ದೊಡ್ಡ ಅಧ್ಯಾಯ ಬರೆದವನು ನಮ್ಮ ಮೈಸೂರು ಸಂಸ್ಥಾನದ ನೌಕರ.

ಒಟ್ಟೊ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನ ಯಹೂದಿ ವಾಸ್ತುಶಿಲ್ಪಿ. ಹಿಟ್ಲರನಿಂದ ತಪ್ಪಿಸಿಕೊಂಡು ಹೊರಟವನು ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ, 1939ರಲ್ಲಿ, ಮೈಸೂರಿಗೆ ಬಂದು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ. ಅವನ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಅದಕ್ಕೆ ಕೆಲವು ವರ್ಷ ಮೊದಲು ರಾಮನ್ನರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದು ಹೋಗಿದ್ದವರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಹಲವು ಕಟ್ಟಡಗಳು ಕೋನಿಗ್ಸ್‌ಬರ್ಗರನವು. ಭದ್ರಾವತಿಗೂ ನಕ್ಷೆ ಹಾಕಿದ, ಆಮೇಲೆ ಭುವನೇಶ್ವರಕ್ಕೂ. ಇಲ್ಲಿ ಕಟ್ಟಿದಾಗ ಬಿಸಿಲು ತಡೆಯುವ ಚಾಚು, ಗಾಳಿ ಹಾಯುವ ಜಾಲಂಧ್ರ ಎಂದು ನೆಲದ ಹವೆ ನೋಡಿ ಕಟ್ಟಿದವನು.

ದೇಶ ಒಡೆದು ದೆಹಲಿಯೊಂದಕ್ಕೇ ಸುಮಾರು 5 ಲಕ್ಷ ನಿರಾಶ್ರಿತರು ಬಂದಿಳಿದಾಗ, ನೆಹರೂ ಸರ್ಕಾರ ಇವನನ್ನು ವಸತಿ ನಿರ್ದೇಶಕನನ್ನಾಗಿ ಕರೆಸಿಕೊಂಡಿತು. ಇಟ್ಟಿಗೆಗೆ ಕಾಯುವ ಸಮಯ ಇರಲಿಲ್ಲ. ಇಂಗ್ಲೆಂಡಿನ ತಂತ್ರ ತಂದು ದೆಹಲಿಯ ಜಂಗಪುರದಲ್ಲಿ ಸರ್ಕಾರಿ ಮನೆ ಕಾರ್ಖಾನೆ ಶುರುವಾಯಿತು. ಹಗುರ ಕಾಂಕ್ರೀಟಿನ ಫಲಕ ಎರಕ ಹೊಯ್ದು, ಸಾಗಿಸಿ, ಜೋಡಿಸಿ ಮನೆ ನಿಲ್ಲಿಸುವ ಯೋಜನೆ. ಕಾಗದದ ಮೇಲೆ ಚೆನ್ನಾಗಿತ್ತು. ಫಲಕಗಳು ಬಿರುಕು ಬಿಟ್ಟವು, ಸಾಗಿಸುವಾಗ ಒಡೆದವು. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ಮನೆಗಳು ಸಾವಿರಗಟ್ಟಲೆ ಬರಬೇಕಾಗಿದ್ದಲ್ಲಿ ಬರಲಿಲ್ಲ. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಬಿಟ್ಟು ಲಂಡನ್ನಿಗೆ ಹೋದ, ಅಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕಲಿಸುವ ಮೇಷ್ಟರಾಗಿ ದೊಡ್ಡ ಹೆಸರು ಮಾಡಿದ.

ನನಗೆ ಹೆಚ್ಚು ಕುತೂಹಲ ಆಮೇಲೆ ಆದದ್ದರಲ್ಲಿ. ಕಾರ್ಖಾನೆ ಮುಚ್ಚಲಿಲ್ಲ. 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಯಿತು, 1978ರಲ್ಲಿ ಹಿಂದೂಸ್ತಾನ್ ಪ್ರೀಫ್ಯಾಬ್ ಎಂದು ಹೆಸರು ಬದಲಿಸಿತು. ಅಲ್ಲಿ ಮಾಡಿದ ಸರಕಿನಲ್ಲಿ ರೈಲು ಹಳಿಯ ಕೆಳಗಿನ ಕಾಂಕ್ರೀಟ್ ಸ್ಲೀಪರು ಇತ್ತು, ಕರೆಂಟು ಕಂಬ ಇತ್ತು. ಇಡೀ ಮನೆ ಮಾಡಲು ಹೊರಟ ಕಾರ್ಖಾನೆಯ ಕೈಹಿಡಿದದ್ದು ಕಂಬ.

ನನ್ನ ವಾದವೆಲ್ಲ ಇರುವುದು ಇದೇ ಸಂಗತಿಯಲ್ಲಿ. ಪ್ರೀಫ್ಯಾಬ್ ಎಂದು ಹೆಸರಿಡದೆ ಬಂದ ಪ್ರೀಫ್ಯಾಬನ್ನು ನಮ್ಮ ಜನ ಯಾವತ್ತೂ ಬೇಡ ಅಂದಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ಯಂತ್ರದಲ್ಲಿ ಒತ್ತಿದ, ಒಂದೇ ಅಳತೆಯ, ಒಂದರ ತುಟಿ ಇನ್ನೊಂದರ ಕಚ್ಚಿಗೆ ಕೂರುವ ಹೆಂಚು. ಹುಲ್ಲುಮಾಡಿನ ಕರಾವಳಿ ಅದನ್ನು ಒಪ್ಪಿಕೊಂಡಿತು, ಹಡಗು ಹತ್ತಿ ಆಫ್ರಿಕಾದವರೆಗೂ ಹೋಯಿತು. ಒಡೆದರೆ ಒಂದನ್ನೇ ಬದಲಿಸಬಹುದು, ಅದಕ್ಕೆ ಕಂಪನಿಯ ಎಂಜಿನಿಯರ್ ಬರಬೇಕಾಗಿಲ್ಲ. ಹಾಗೆಯೇ ಬಾವಿಗೂ ಪಾಯಿಖಾನೆ ಗುಂಡಿಗೂ ಇಳಿಸುವ ಸಿಮೆಂಟ್ ರಿಂಗು, ತೋಟದ ಸುತ್ತ ನಿಲ್ಲಿಸುವ ರೆಡಿಮೇಡ್ ಕಾಂಪೌಂಡು, ಸಿಮೆಂಟಿನ ಕಿಟಕಿ ಚೌಕಟ್ಟು. ತಾಲ್ಲೂಕು ಊರಿನ ಹೆದ್ದಾರಿ ಪಕ್ಕ ಇವುಗಳ ಯಾರ್ಡು ಇಲ್ಲದ ಜಾಗ ಕಡಿಮೆ. ಸರ್ಕಾರಿ ಯೋಜನೆಯಿಲ್ಲ, ಉದ್ಘಾಟನೆಯಿಲ್ಲ. ಇಬ್ಬರು ಎತ್ತುವಷ್ಟು ತೂಕ, ಊರ ಮೇಸ್ತ್ರಿಗೆ ಅರ್ಥವಾಗುವ ಜೋಡಣೆ, ಮುರಿದರೆ ಮತ್ತೆ ಸಿಗುವ ಭರವಸೆ. ಅಷ್ಟಿದ್ದರೆ ಸಾಕಾಯಿತು.

ದೊಡ್ಡ ಕಾರ್ಖಾನೆಯ ಕಷ್ಟ ಬೇರೆ. ಅದಕ್ಕೆ ದಿನಾ ಮೇವು ಬೇಕು. ಅಚ್ಚು, ಮೇಜು, ಕ್ರೇನಿಗೆ ಹಾಕಿದ ಕೋಟಿಗಳು ವಾಪಸು ಬರುವುದು ಒಂದೇ ನಕ್ಷೆಯ ಮನೆ ನೂರಾರು ಬಂದಾಗ ಮಾತ್ರ. ನಮ್ಮಲ್ಲಿ ಕಟ್ಟಡದ ಕೆಲಸ ಹಾಗೆ ಬರುವುದಿಲ್ಲ. ಬಡ್ಡಿ ಏರಿದರೆ, ಚುನಾವಣೆ ಬಂದರೆ, ಪ್ಲಾನ್ ಮಂಜೂರಾತಿ ತಡವಾದರೆ ಆರು ತಿಂಗಳು ಯಾರ್ಡು ಖಾಲಿ. ಸೆಂಟ್ರಿಂಗ್ ಮೇಸ್ತ್ರಿಯಾದರೆ ಆ ಹೊತ್ತಿನಲ್ಲಿ ಇನ್ನೊಂದು ಊರಿಗೆ ಹೋಗುತ್ತಾನೆ. ಹಬೆಯ ಮೇಜು ಹೋಗುವುದಿಲ್ಲ. ಬೆಂಗಳೂರಿನ ಇಂದಿರಾ ಕ್ಯಾಂಟೀನುಗಳು 2017ರ ಆಗಸ್ಟ್‌ನಲ್ಲಿ ಅಷ್ಟು ಬೇಗ ಎದ್ದು ನಿಂತದ್ದು ಕೃಷ್ಣಗಿರಿಯ ಕಾರ್ಖಾನೆಯಿಂದ ಲಾರಿಯಲ್ಲಿ ಬಂದ ತುಂಡುಗಳಿಂದ. ಒಂದೇ ನಕ್ಷೆ, ಹಲವು ವಾರ್ಡು. ಇದಕ್ಕೆ ಹೇಳಿ ಮಾಡಿಸಿದ ಕೆಲಸ. ಅದನ್ನು ಮಾಡಿದ ಕಂಪನಿ ಮಾರನೆಯ ವರ್ಷ ಅಮೆರಿಕದ ಕಟೆರ್ರಾ ಎಂಬ ದೊಡ್ಡ ಸಂಸ್ಥೆಯೊಳಗೆ ಸೇರಿತು. ಜಗತ್ತಿನ ಮನೆ ಕಟ್ಟುವ ರೀತಿಯನ್ನೇ ಬದಲಿಸುತ್ತೇವೆಂದು ಹೊರಟಿದ್ದ, ಜಪಾನಿನ ಸಾಫ್ಟ್‌ಬ್ಯಾಂಕ್ ದುಡ್ಡು ಸುರಿದಿದ್ದ ಕಟೆರ್ರಾ 2021ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅಮೆರಿಕದಲ್ಲೇ ಹೀಗಾದರೆ ನಮ್ಮಲ್ಲಿ ಎಚ್ಚರ ತಪ್ಪಬಾರದು.

ಸಿಂಗಪುರದ ಉದಾಹರಣೆ ಎಲ್ಲ ಸೆಮಿನಾರಿನಲ್ಲೂ ಬರುತ್ತದೆ. ಅಲ್ಲಿ ಬಹುಪಾಲು ಜನರ ಮನೆ ಕಟ್ಟುವುದು ಒಂದೇ ಸರ್ಕಾರಿ ಮಂಡಳಿ. 1980ರ ದಶಕದಿಂದ ಅದೇ ಗಿರಾಕಿ, ಅದೇ ಅಳತೆ. ಮಲೇಷ್ಯಾ 2008ರಲ್ಲಿ ತನ್ನ ಸರ್ಕಾರಿ ಕಟ್ಟಡಗಳಲ್ಲಿ ಇಂಥ ಕೆಲಸದ ಪಾಲು ಎಪ್ಪತ್ತು ಅಂಕವಾದರೂ ಇರಬೇಕೆಂದು ಕಟ್ಟುಮಾಡಿತು. ನಮ್ಮ ಕೇಂದ್ರ ಸರ್ಕಾರ 2021ರ ಜನವರಿ 1ರಂದು ಆರು ಊರುಗಳಲ್ಲಿ ಆರು ತಂತ್ರಗಳ ಲೈಟ್‌ಹೌಸ್ ಯೋಜನೆಗೆ ಅಡಿಗಲ್ಲು ಹಾಕಿತು. ಚೆನ್ನೈಯಲ್ಲಿ ಪ್ರೀಕಾಸ್ಟ್ ತುಂಡು ಜೋಡಿಸಿದ 1,152 ಮನೆ. ರಾಂಚಿಯಲ್ಲಿ ಕೋಣೆಗೆ ಕೋಣೆಯನ್ನೇ ಎರಕ ಹೊಯ್ದು ತಂದು ಪೇರಿಸಿದ 1,008 ಮನೆ. ಪ್ರಯೋಗ ಒಳ್ಳೆಯದೇ. ಆದರೆ ಆರು ಊರಿನಲ್ಲಿ ಆರು ಬಗೆ ಅಂದಾಗ ಯಾವ ಕಾರ್ಖಾನೆಗೂ ಎರಡನೇ ಸಾವಿರ ಮನೆಯ ಖಾತ್ರಿ ಇಲ್ಲ. ನನ್ನ ಕೇಳಿದ್ದರೆ, ಕಿಟಕಿಯ ಅಗಲ, ಮೆಟ್ಟಿಲಿನ ಎತ್ತರ, ಬಚ್ಚಲಿನ ಅಳತೆ ಮೂರನ್ನು ಎಲ್ಲ ಸರ್ಕಾರಿ ವಸತಿಗೂ ಒಂದೇ ಮಾಡಿ ಹತ್ತು ವರ್ಷ ಮುಟ್ಟಬೇಡಿ ಅನ್ನುತ್ತಿದ್ದೆ. ಹೆಂಚು ಗೆದ್ದದ್ದು ಹಾಗೆ.

ತೆರಿಗೆಯೂ ಅಡ್ಡ ಬರುತ್ತದೆ. ಹಿಂದೆ ಅಬಕಾರಿ ಸುಂಕ ಇದ್ದಾಗ ಕಟ್ಟುವ ಜಾಗದಲ್ಲೇ ಮಾಡಿದ ತುಂಡಿಗೆ ವಿನಾಯಿತಿ ಇತ್ತು, ಕಾರ್ಖಾನೆಯದ್ದಕ್ಕೆ ಇರಲಿಲ್ಲ. ಜಿಎಸ್‌ಟಿಯಲ್ಲೂ ಕಾರ್ಖಾನೆಯ ಕಾಂಕ್ರೀಟ್ ಸರಕಿಗೆ ಶೇಕಡಾ 18. ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ, ಮೀರಿದರೆ ವಿಶೇಷ ಪರವಾನಗಿ. ದಾರಿಯಲ್ಲಿ ಇಳಿಬಿದ್ದ ವೈರು ಬೇರೆ. ಹಾಗಾಗಿ 30-40 ಸೈಟಿನಲ್ಲಿ, ಇಪ್ಪತ್ತಡಿ ರಸ್ತೆಯಲ್ಲಿ, ಒಂದೇ ಮನೆ ಕಟ್ಟುವವರು ದೊಡ್ಡ ಫಲಕದ ಆಸೆ ಬಿಡುವುದೇ ಲೇಸು. ಕ್ರೇನಿಗೆ ಕಾಲೂರಲು ಜಾಗವಿರುವುದಿಲ್ಲ.

ಜಾಗ ಇದ್ದರೂ ನಮ್ಮ ಸ್ವಭಾವ ಬಿಡಬೇಕಲ್ಲ. ನಾವು ಮನೆ ಕಟ್ಟುವುದು ಕಟ್ಟುತ್ತ ಕಟ್ಟುತ್ತ. ಅಡಿಪಾಯ ಮುಗಿದ ಮೇಲೆ ವಾಸ್ತು ಹೇಳುವವರು ಬರುತ್ತಾರೆ, ಬಾಗಿಲು ಜರುಗುತ್ತದೆ. ಮೋಲ್ಡ್ ಹಾಕಿದ ದಿನ ಕೆಲಸದವರಿಗೆ ಬಾಡೂಟ ಹಾಕಿ, ಮಗನ ಮದುವೆಗೆ ಮಹಡಿ ಏರಿಸೋಣವೆಂದು ಕಂಬದ ಕಂಬಿ ಆಕಾಶಕ್ಕೆ ಬಿಟ್ಟಿರುತ್ತೇವೆ. ಪ್ರೀಕಾಸ್ಟಿನಲ್ಲಿ ಫ್ರಿಜ್ಜಿನ ಸ್ವಿಚ್ ಎಲ್ಲಿ ಬರಬೇಕೆಂದು ಗುದ್ದಲಿ ಪೂಜೆಗೂ ಮೊದಲೇ ತೀರ್ಮಾನ ಮಾಡಬೇಕು. ಆಮೇಲೆ ಗೋಡೆ ಕೊರೆಯಲು ಬಿಡುವುದಿಲ್ಲ, ಅದು ಭಾರ ಹೊತ್ತ ಗೋಡೆ. ಇನ್ನು ಬೇಸಿಗೆ. ಪ್ಲಾಸ್ಟರಿಲ್ಲದ ಆರಿಂಚಿನ ಕಾಂಕ್ರೀಟ್ ಸುಟ್ಟ ಇಟ್ಟಿಗೆಗಿಂತ ಬೇಗ ಶಾಖ ಒಳಗೆ ಬಿಡುತ್ತದೆ. ಪಡುವಣ ಗೋಡೆಗೆ ನೆರಳಿನ ಏರ್ಪಾಡು ಮಾಡದ ಬಿಲ್ಡರನ್ನು ಕೊಳ್ಳುವವರು ಮೊಳೆಗಿಂತ ಮೊದಲು ಕೇಳಬೇಕಾದದ್ದು ಅದನ್ನು.

ಲಾಭ ಎಲ್ಲಿದೆ ಹಾಗಾದರೆ? ಬೆಲೆಯಲ್ಲಲ್ಲ, ಕಾಲದಲ್ಲಿ. ಹಲಸೂರಿನ ಕೇಂಬ್ರಿಜ್ ಲೇಔಟಿನಲ್ಲಿ, ಪ್ರೀಕಾಸ್ಟ್ ಅಲ್ಲದಿದ್ದರೂ, ತ್ರೀಡಿ ಯಂತ್ರ ಕಾಂಕ್ರೀಟಿನಲ್ಲಿ ಮುದ್ರಿಸಿದ 1,021 ಚದರಡಿಯ ಅಂಚೆ ಕಚೇರಿ 43 ದಿನದಲ್ಲಿ ಮುಗಿಯಿತೆಂದು 2023ರಲ್ಲಿ ಎಲ್ಲ ಪತ್ರಿಕೆಗಳೂ ಬರೆದವು. ಇಂಥ ದಿನದ ಲೆಕ್ಕಗಳಲ್ಲಿ ಅದಕ್ಕೆ ಮುಂಚಿನ ವಿನ್ಯಾಸ, ಪರೀಕ್ಷೆಯ ತಿಂಗಳುಗಳು ಬರುವುದಿಲ್ಲ. ಆದರೂ ಸಾಲದ ಬಡ್ಡಿ, ಬಾಡಿಗೆ ಎರಡನ್ನೂ ಒಟ್ಟಿಗೆ ಕಟ್ಟುವ ಕುಟುಂಬಕ್ಕೆ ಎಂಟು ತಿಂಗಳು ಮೊದಲು ಕೀಲಿ ಸಿಗುವುದು ಸಣ್ಣ ಮಾತಲ್ಲ. ಇನ್ನೊಂದು ಲಾಭವನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ. ಯಾರ್ಡಿನಲ್ಲಿ ಕೆಲಸ ನೆಲದ ಮೇಲೆ, ಸೂರಿನ ಕೆಳಗೆ. ರಾಯಚೂರು, ಯಾದಗಿರಿಯಿಂದ ಬಂದ ಹೆಂಗಸರು ಅಲ್ಲಿ ಕಂಬಿ ಕಟ್ಟುವುದನ್ನು, ಅಚ್ಚಿನ ಅಳತೆ ನೋಡುವುದನ್ನು ಕಲಿಯುತ್ತಾರೆ. ಸೈಟಿನಲ್ಲಾಗಿದ್ದರೆ ಅವರಿಗೆ ಸಿಗುತ್ತಿದ್ದದ್ದು ಬಾಂಡ್ಲಿ ಹೊರುವ ಕೆಲಸ, ಕೂಲಿಯೂ ಅದಕ್ಕೆ ತಕ್ಕಂತೆ. ಆದರೆ ಇಟ್ಟಿಗೆಯ ಕೈಕಸುಬಿನ ಅಪ್ಪನಂಥವರ ಸಂಖ್ಯೆ ಇಲ್ಲಿ ಇಳಿಯುತ್ತದೆ ಅನ್ನುವುದೂ ನಿಜ.

ತಾಲ್ಲೂಕಿನಲ್ಲಿ ಒಂದೇ ಮನೆ ಕಟ್ಟುವವರಿಗೆ ನಾನು ಹೇಳುವುದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಹಳ ಹಿಂದೆಯೇ ರೂಪಿಸಿದ ತೊಲೆ-ಹಲಗೆ ಚಾವಣಿಯನ್ನು. ಒಂದಡಿ ಅಗಲ, ಐದಡಿಯೊಳಗಿನ ಉದ್ದದ ಕಾಂಕ್ರೀಟ್ ಹಲಗೆಗಳು. ಒಂದೊಂದೂ ಐವತ್ತು ಅರವತ್ತು ಕಿಲೋ, ಇಬ್ಬರು ಎತ್ತಬಹುದು. ಕಾಂಕ್ರೀಟ್ ತೊಲೆಗಳ ಮೇಲೆ ಅವನ್ನು ಹಾಸಿ, ಸಂದಿನಲ್ಲೂ ಮೇಲೂ ಕಂಬಿ ಇಟ್ಟು ಕಾಂಕ್ರೀಟ್ ಹಾಕಿದರೆ ಚಾವಣಿ. ಹಲಗೆ ಸೆಂಟ್ರಿಂಗಿನ ಬಾಡಿಗೆ ಉಳಿಯಿತು. ಕೆಲವು ಜಿಲ್ಲೆಗಳ ನಿರ್ಮಿತಿ ಕೇಂದ್ರಗಳಲ್ಲಿ ವಿಚಾರಿಸಿದರೆ ಇಂಥ ಕೆಲಸ ಬಲ್ಲವರು ಸಿಗುತ್ತಾರೆ. ಹೆದ್ದಾರಿ ಪಕ್ಕದ ಯಾರ್ಡಿನಿಂದ ತರುವುದಾದರೆ ಎರಕ ಹೊಯ್ದ ದಿನಾಂಕ ಹಲಗೆಯ ಮೇಲೆ ಬರೆದಿದೆಯೇ ನೋಡಿ. ನೀರುಣಿಸಿ ಬಲಿಯಲು ಬಿಡದೆ ವಾರದೊಳಗೇ ಲಾರಿ ಹತ್ತಿಸುವವರಿದ್ದಾರೆ. ಕಂಬಿ ಯಾವ ಬದಿಗಿದೆಯೆಂದು ಗುರುತು ಹಾಕಿಸಿಕೊಳ್ಳಿ. ತಲೆಕೆಳಗಾಗಿ ಹಾಸಿದ ಹಲಗೆ ಭಾರ ಬಿದ್ದ ದಿನ ನಡುವೆಯೇ ಸೀಳುತ್ತದೆ. ಕಾಂಕ್ರೀಟ್ ಹಾಕುವ ಮುನ್ನ ಸಂದುಗಳನ್ನು ತೊಳೆಸಿ, ಒಳಗೆ ಕಂಬಿ ಬಿದ್ದಿದೆಯೇ ಎಂದು ನೀವೇ ಏಣಿ ಹತ್ತಿ ನೋಡಿ.